ಆ ಪಟ್ಟಿಯ ಈಚೆ ಒಂದು ಕೌಂಟರ್ ಇದೆ

ಹಾಸನ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. "ಅತ್ತೆ, ಲೈಬ್ರರಿ ಸಾಫ್ಟ್‌ವೇರ್ ಕೋಹಾಕ್ಕೆ ಬರೋ ದೂರು, ಬೇಡಿಕೆಗಳ ಬಗ್ ಪಟ್ಟಿ ನೋಡಿಕೊಳ್ತೀನಿ ಅಂತ ಒಪ್ಪಿದ್ದೇ ತಪ್ಪಾಯ್ತು. ಜನ 'ಕೆಲಸ ಮಾಡ್ತಿಲ್ಲ' ಅಂತ ಒಂದು ಸಾಲು ಬರೆದು ಹೋಗ್ತಾರೆ. ಒಂದು ದಿನ ಕೂತು ಎಲ್ಲ ಕ್ಲೋಸ್ ಮಾಡಿಬಿಡ್ತೀನಿ" ಅಂದೆ. ಆಗ ನಾನು ಹೂಂ ಅಂದು ಸುಮ್ಮನಾದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿತು. ಅದಕ್ಕೇ ಈ ಕಾಗದ.

ನನಗೆ ಪ್ರೋಗ್ರಾಮ್ ಬರೆಯಲು ಬರುವುದಿಲ್ಲ. ಆದರೆ ನೀನು ನೋಡುತ್ತಿರುವ ಪಟ್ಟಿಯ ಈಚೆ ಕಡೆ, ಕಾಲೇಜು ಲೈಬ್ರರಿಯ ಇಶ್ಯೂ ಕೌಂಟರಿನಲ್ಲಿ, ನಾನು ಬಹಳ ವರ್ಷ ಕೂತಿದ್ದೆ. ಆ ಒಂದು ಸಾಲು ಹೇಗೆ ಹುಟ್ಟುತ್ತದೆ ಅಂತ ನನಗೆ ಗೊತ್ತು. ಕಾಲೇಜು ಶುರುವಾಗುವ ದಿನಗಳು. ಎದುರಿಗೆ ನಲವತ್ತು ಹುಡುಗರ ಸಾಲು. ಬಾರ್‌ಕೋಡ್ ಓದಿಸಿದರೆ ಪರದೆ ಖಾಲಿ. ಇನ್ನೊಂದು ಸಲ ಓದಿಸಿದರೂ ಖಾಲಿ. ಹುಡುಗರಿಗೆ ಹತ್ತು ನಿಮಿಷದಲ್ಲಿ ಕ್ಲಾಸು. ಅಟೆಂಡರ್ ರಜೆ. ಆ ಗಡಿಬಿಡಿಯಲ್ಲಿ ಪೆನ್ನಿನಲ್ಲಿ ಇಶ್ಯೂ ಬರೆದುಕೊಂಡು, ಸಂಜೆ ಆರಕ್ಕೆ ಬೀಗ ಹಾಕುವ ಮುಂಚೆ ಯಾರೋ ಒಬ್ಬರು ಕೂತು, ಬಾರದ ಇಂಗ್ಲಿಷಿನಲ್ಲಿ ಆ ಸಾಲು ಬರೆಯುತ್ತಾರೆ. ಬರೆಯದೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಕೋಹಾ ಅಂದರೆ ಏನು ಅಂತ ನಿನಗೆ ಯಾವತ್ತಾದರೂ ಹೇಳಿದ್ದೇನಾ? ಮಾವೊರಿ ಜನರ ಮಾತಿನಲ್ಲಿ ಕಾಣಿಕೆ ಅಂತ. ಬರೀ ಕಾಣಿಕೆಯಲ್ಲ, ಪಡೆದವರು ಮುಂದೊಂದು ದಿನ ತಿರುಗಿ ಕೊಡಬೇಕಾದ ಕಾಣಿಕೆ. ನಮ್ಮ ಮುಯ್ಯಿಯೇ ಅದು. 1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟಿನ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯನ್ನು ದಾಟುವ ಹಾಗಿರಲಿಲ್ಲ. ಕಟಿಪೊ ಎಂಬ ಕಂಪನಿಯವರು ಹೊಸದನ್ನು ಬರೆದುಕೊಟ್ಟರು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು. ಆಮೇಲೆ ಯಾರು ಬೇಕಾದರೂ ಬಳಸಲಿ, ತಿದ್ದಲಿ ಅಂತ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗೆ ಕೊಟ್ಟದ್ದು ಹಾಸನದ ನಮ್ಮ ಕೌಂಟರಿನವರೆಗೆ ಬಂತು.

ನಿನ್ನ ಅಕ್ಕನ ಮದುವೆ ನೆನಪಿದೆಯಾ? ಮಂಟಪದ ಪಕ್ಕ ನಿಮ್ಮ ಚಿಕ್ಕಪ್ಪ ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುತ್ತಿದ್ದರಲ್ಲ. ಬೆಳ್ಳಿ ಲೋಟ ಕೊಟ್ಟವರ ಹೆಸರನ್ನೂ ಬರೆದರು. 51 ರೂಪಾಯಿ ಕೊಟ್ಟ ಹಾಲಿನ ಅಜ್ಜಿಯ ಹೆಸರನ್ನೂ ಅದೇ ಅಕ್ಷರದಲ್ಲಿ ಬರೆದರು. "ಕೆಲಸ ಮಾಡ್ತಿಲ್ಲ" ಅನ್ನುವ ಆ ಒಂದು ಸಾಲು 51 ರೂಪಾಯಿ ಪುಟ್ಟಿ. ಅವರ ಕೈಲಿ ಇದ್ದದ್ದು ಅಷ್ಟು. ನೀನು ನೋಟ್‌ಬುಕ್ ಹಿಡಿದು ಕೂತವಳು.

ಈಗ ನನ್ನದೇ ಒಂದು ವರದಿಯ ಕಥೆ ಹೇಳುತ್ತೇನೆ. ಕೋಹಾಕ್ಕೆ ಬರುವ ಮುಂಚೆ ನಮ್ಮಲ್ಲಿ ದುಡ್ಡು ಕೊಟ್ಟು ಕೊಂಡ ಬೇರೊಂದು ಸಾಫ್ಟ್‌ವೇರ್ ಇತ್ತು. ಅದಕ್ಕೆ ದೂರು ಬರೆದರೆ ಬಾವಿಗೆ ಕಲ್ಲು ಹಾಕಿದ ಹಾಗೆ. ಸದ್ದು ಕೂಡ ಬರುತ್ತಿರಲಿಲ್ಲ. ಕೋಹಾಕ್ಕೆ ಬದಲಾದ ಮೊದಲ ವರ್ಷ ಒಂದು ತೊಂದರೆ ಶುರುವಾಯಿತು. ಕೆಲವು ಕನ್ನಡ ಪುಸ್ತಕಗಳು ಹುಡುಕಿದರೆ ಸಿಗುತ್ತಿರಲಿಲ್ಲ. ಪುಸ್ತಕ ಕಪಾಟಿನಲ್ಲಿದೆ, ಪಟ್ಟಿಯಲ್ಲಿದೆ, ಹೆಸರು ಟೈಪ್ ಮಾಡಿದರೆ ಇಲ್ಲ. ನೀನು ನೋಡಿಕೊಳ್ಳುವ ಆ ಬಗ್ ಪಟ್ಟಿಯ ತಾಣ ಬಗ್‌ಜಿಲ್ಲಾದಲ್ಲಿ ನಾನು ಬರೆದೆ. ನನ್ನದೂ ಹೆಚ್ಚುಕಮ್ಮಿ ಒಂದೇ ಸಾಲು: ಕನ್ನಡ ಹುಡುಕಾಟ ಸರಿಯಿಲ್ಲ. ಜೊತೆಗೆ ಪರದೆಯ ಒಂದು ಚಿತ್ರ.

ಎರಡನೆಯ ದಿನ ಉತ್ತರ ಬಂತು. ಯಾವ ದೇಶದವರೋ, ಕನ್ನಡ ಓದಲು ಬಾರದವರು. ಮೂರು ಪ್ರಶ್ನೆ ಕೇಳಿದ್ದರು. ಯಾವ ಆವೃತ್ತಿ? ಎಲ್ಲ ಕನ್ನಡ ಪುಸ್ತಕಗಳಿಗೂ ಹೀಗಾಗುತ್ತದಾ, ಕೆಲವಕ್ಕೆ ಮಾತ್ರವಾ? ಸಿಗದ ಒಂದು ಪುಸ್ತಕದ ಹೆಸರನ್ನು ಚಿತ್ರವಾಗಿ ಅಲ್ಲ, ಅಕ್ಷರವಾಗಿಯೇ ಇಲ್ಲಿ ಅಂಟಿಸುತ್ತೀರಾ?

ಆ ಮೂರನೆಯ ಪ್ರಶ್ನೆಯಲ್ಲೇ ಎಲ್ಲ ಇತ್ತು. ನಮ್ಮ ಹಳೆಯ ಪಟ್ಟಿ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡಿಗೆ ಬದಲಾಯಿಸುವಾಗ ಕೆಲವು ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿತ್ತು. "ಸಾಫ್ಟ್‌ವೇರ್" ಬರೆಯುವಾಗ ವಕಾರ ಒತ್ತಾಗಿ ಕೆಳಗೆ ಇಳಿಯದಿರಲಿ ಅಂತ ನಡುವೆ ಒಂದು ಹಾಕುತ್ತೀವಲ್ಲ, ಅದೇ. ಬೇಡದ ಜಾಗದಲ್ಲೂ ಅದು ಕೂತಿತ್ತು. ಪರದೆಯ ಚಿತ್ರ ತೆಗೆದರೆ ಅದು ಹೇಗೆ ಕಾಣಿಸೀತು? ಅಕ್ಷರವಾಗಿ ಅಂಟಿಸಿದ ಮೇಲೆ ಅವರು ಒಂದೊಂದೇ ಬಿಡಿಸಿ ತೋರಿಸಿದರು. ತಪ್ಪು ಕೋಹಾದ್ದಲ್ಲ, ನಮ್ಮ ಪಟ್ಟಿಯದು. ಆ ಬೇಸಿಗೆ ರಜೆಯಲ್ಲಿ ನಾನೂ ಇನ್ನೊಬ್ಬರೂ ಕೂತು ಎಲ್ಲ ಹೆಸರುಗಳನ್ನು ಸರಿ ಮಾಡಿದೆವು.

ಕೊನೆಗೆ ಆ ವರದಿಯ ಮೇಲೆ "ಇನ್‌ವ್ಯಾಲಿಡ್" ಅಂತ ಬಿತ್ತು. ಬಗ್‌ಜಿಲ್ಲಾದಲ್ಲಿ ಇರುವುದೇ ಆ ಪದ, ಅವರೇನು ಮಾಡಿಯಾರು. ಆದರೆ ಅದರ ಮೇಲೆ ಅವರು ಎರಡು ಸಾಲು ಬರೆದಿದ್ದರು. ಏನಾಗಿತ್ತು, ಬೇರೆ ಲೈಬ್ರರಿಯವರಿಗೂ ಹೀಗಾದರೆ ಏನು ನೋಡಬೇಕು ಅಂತ. ಆ ಎರಡು ಸಾಲು ಇಲ್ಲದೆ ಬರೀ ಆ ಪದ ಇದ್ದಿದ್ದರೆ ನಾನು ಇನ್ನೊಂದು ವರದಿ ಯಾವತ್ತೂ ಬರೆಯುತ್ತಿರಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ. ಡೂಪ್ಲಿಕೇಟ್, ವೋಂಟ್‌ಫಿಕ್ಸ್ (ತಿದ್ದುವುದಿಲ್ಲ), ವರ್ಕ್ಸ್‌ಫಾರ್ಮಿ (ನನ್ನಲ್ಲಿ ಸರಿಯಾಗಿದೆ), ಇವೆಲ್ಲ ಪಟ್ಟಿಗೆ ಬೇಕಾದ ಪದಗಳು. ಮನುಷ್ಯರಿಗೆ ಬೇಕಾದದ್ದು ಅದರ ಪಕ್ಕದ ಎರಡು ಸಾಲು. ಅದನ್ನು ಬರೆಯದೆ ಒಂದನ್ನೂ ಮುಚ್ಚಬೇಡ.

ಇನ್ನು "ನಮಗೆ ಇದು ಬೇಕು" ಅನ್ನುವ ಬೇಡಿಕೆಗಳು. ನಿನಗೆ ಇವು ಕಂಡರೆ ತಲೆನೋವು ಅಂದೆ. ನನ್ನ ಅನುಭವದಲ್ಲಿ ಬೇಡಿಕೆ ಬರೆಯುವವರು ತಮಗೆ ಬೇಕಾದದ್ದನ್ನು ಹೇಳುವುದು ಕಮ್ಮಿ. ಹೇಗೆ ಮಾಡಬೇಕು ಅಂತ ತಾವೇ ಯೋಚಿಸಿಟ್ಟದ್ದನ್ನು ಹೇಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ನಮ್ಮಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಬುಕ್ ಬ್ಯಾಂಕ್ ಇದೆಯಲ್ಲ, ಸೆಮಿಸ್ಟರ್ ಪೂರ್ತಿ ಪುಸ್ತಕ ಅವರ ಹತ್ತಿರವೇ ಇರಬೇಕು. ನಾನು "ಬುಕ್ ಬ್ಯಾಂಕಿಗೆ ಒಂದು ಬೇರೆ ವಿಭಾಗ ಮಾಡಿಕೊಡಿ" ಅಂತ ಕೇಳಿದೆ. ಒಬ್ಬರು ಸಮಾಧಾನವಾಗಿ ಕೇಳಿದರು: ಆ ವಿಭಾಗ ಇದ್ದರೆ ನೀವು ಅದರಲ್ಲಿ ಏನು ಮಾಡುತ್ತೀರಿ? ನಾನು ವಿವರಿಸಿದೆ. ಅದಕ್ಕೆ ಅವರು, ಆ ಮಕ್ಕಳಿಗೆ ಒಂದು ಸದಸ್ಯ ವರ್ಗ, ಆ ಪುಸ್ತಕಗಳಿಗೆ ಒಂದು ಬಗೆ, ಇವೆರಡಕ್ಕೂ ಸೇರಿ ಒಂದು ನಿಯಮ, ಅದರಲ್ಲಿ ಸೆಮಿಸ್ಟರಿನ ಕೊನೆಯ ದಿನವನ್ನೇ ವಾಪಸು ಕೊಡುವ ದಿನ ಅಂತ ಹಾಕಿ ಅಂದರು. ಎಲ್ಲ ಮೊದಲೇ ಇತ್ತು. ಒಂದು ಸಾಲು ಕೋಡ್ ಬರೆಯದೆ ಅರ್ಧ ಗಂಟೆಯಲ್ಲಿ ನನ್ನ ಕೆಲಸ ಆಯಿತು. ಆ ಪ್ರಶ್ನೆ ಕೇಳದೆ ಯಾರೋ ಪಾಪ ಹೊಸ ವಿಭಾಗವನ್ನೇ ಬರೆದುಬಿಟ್ಟಿದ್ದರೆ? ಅದನ್ನು ಮುಂದೆ ಎಷ್ಟು ವರ್ಷ ಯಾರು ಸಾಕಬೇಕಿತ್ತು?

ಹಾಗಂತ ಎಲ್ಲ ಬೇಡಿಕೆಗೂ ಹೂಂ ಅನ್ನಬೇಡ. ಆಗುವುದಿಲ್ಲ ಅನ್ನುವುದಾದರೆ ಬೇಗ ಹೇಳು, ಕಾರಣ ಕೊಟ್ಟು ಹೇಳು. "ನೋಡೋಣ" ಅಂತ ಹೇಳಿ ನಾಲ್ಕು ವರ್ಷ ತೆರೆದಿಡುವುದು ನನಗೆ ಸರಿ ಕಾಣುವುದಿಲ್ಲ. ಆಗಲ್ಲ ಅಂತ ಗೊತ್ತಾದರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ನೋಡೋಣ ಅಂದರೆ ಕಾಯುತ್ತಾರೆ.

ತಪ್ಪು ಯಾವುದು, ಬೇಡಿಕೆ ಯಾವುದು ಅನ್ನುವುದನ್ನು ಮಾತ್ರ ಕಟ್ಟುನಿಟ್ಟಾಗಿ ಬೇರೆ ಮಾಡು. ಇದು ಸುಮ್ನೆ ಹೆಸರಿನ ವಿಷಯ ಅಲ್ಲ ಅಂತ ನಿನಗೇ ಗೊತ್ತು. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್. 24.05 ಅಂದರೆ 2024ರ ಮೇ. ತಪ್ಪು ತಿದ್ದಿದರೆ ಅದು ಈಗ ಬಳಕೆಯಲ್ಲಿರುವ ಆವೃತ್ತಿಗಳಿಗೂ ಹೋಗುತ್ತದೆ. ಹೊಸ ಸೌಲಭ್ಯವಾದರೆ ಸಾಮಾನ್ಯವಾಗಿ ಮುಂದಿನ ದೊಡ್ಡ ಆವೃತ್ತಿಗೆ ಕಾಯಬೇಕು. ಅದಕ್ಕೇ ಜನ ತಮ್ಮ ಆಸೆಯನ್ನೂ ಬಗ್ ಅಂತ ಬರೆಯುತ್ತಾರೆ. ಎಲ್ಲರಿಗೂ ತಮ್ಮದೇ ಬ್ಲಾಕರ್, ಅಂದರೆ ಕೆಲಸವನ್ನೇ ನಿಲ್ಲಿಸುವ ತಪ್ಪು. ಅಲ್ವಾ? ಅವರ ಮೇಲೆ ಕೋಪ ಬೇಡ. ಒಂದೇ ಪ್ರಶ್ನೆ ಕೇಳು: ಇದಿಲ್ಲದೆ ನಾಳೆ ಬೆಳಿಗ್ಗೆ ನಿಮ್ಮ ಕೌಂಟರ್ ನಡೆಯುತ್ತದಾ? ಪುಸ್ತಕ ಕೊಡಲು ಆಗುತ್ತಿಲ್ಲ, ಫೈನ್ ತಪ್ಪು ಬೀಳುತ್ತಿದೆ, ದಾಖಲೆ ಅಳಿಸಿಹೋಗುತ್ತಿದೆ ಅಂದರೆ ಅದು ಮೊದಲು. ಗುಂಡಿಯ ಬಣ್ಣ ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ಒಂದು ಗಂಟೆಯೂ ತಡ ಮಾಡಬೇಡ. ವರದಿಗೆ ಹಾಕಿದ ಚಿತ್ರದಲ್ಲಿ ಓದುಗರ ಹೆಸರು, ಫೋನ್ ನಂಬರ್, ಅವರು ಯಾವ ಪುಸ್ತಕ ಒಯ್ದರು ಅನ್ನುವುದು ಕಾಣುತ್ತಿರುತ್ತದೆ. ಲೋಕವೆಲ್ಲ ನೋಡುವ ಪಟ್ಟಿ ಅದು. ಒಂದು ಹುಡುಗಿ ಯಾವ ಪುಸ್ತಕ ಓದುತ್ತಾಳೆ ಅನ್ನುವುದು ಅವಳ ಮತ್ತು ಲೈಬ್ರರಿಯ ನಡುವಿನ ಮಾತು. ಅಂಥದ್ದು ಕಂಡ ತಕ್ಷಣ ಮರೆ ಮಾಡಿಸು, ಆಮೇಲೆ ಉಳಿದದ್ದು ಓದು. ಬೀಗ ಒಡೆಯುವಂಥ ತಪ್ಪನ್ನು ಯಾರಾದರೂ ಬಯಲಲ್ಲಿ ಬರೆದಿದ್ದರೂ ಅಷ್ಟೇ. ಅದನ್ನು ಭದ್ರತೆ ನೋಡಿಕೊಳ್ಳುವವರಿಗೆ ಮಾತ್ರ ಕಾಣುವ ಜಾಗಕ್ಕೆ ಸರಿಸು.

ಹಳೆಯ ವರದಿಗಳನ್ನು ಒಟ್ಟಿಗೆ ಮುಚ್ಚುವ ಮಾತಾಡಿದೆಯಲ್ಲ. ಬಂದ ಪುಸ್ತಕಗಳಿಗೆಲ್ಲ ನಂಬರ್ ಕೊಟ್ಟು ಬರೆಯುವ ನಮ್ಮ ಅಕ್ಸೆಷನ್ ರಿಜಿಸ್ಟರ್ ನೀನು ಚಿಕ್ಕವಳಿದ್ದಾಗ ನೋಡಿದ್ದೀಯ, ಆ ಉದ್ದನೆಯ ಕೆಂಪು ಬೆನ್ನಿನ ಪುಸ್ತಕ. ಪುಸ್ತಕ ಕಳೆದುಹೋದರೂ ಅದರ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಷರಾದಲ್ಲಿ ಏನಾಯಿತು ಅಂತ ಬರೆಯುತ್ತೇವೆ. ಸ್ಟಾಕ್ ವೆರಿಫಿಕೇಷನ್ ಮಾಡುವಾಗ ಕಪಾಟಿನ ಹತ್ತಿರ ಹೋಗಿ ನೋಡಿಯೇ ಬರೆಯುತ್ತೇವೆ. ಕೂತಲ್ಲಿಂದ "ಇಲ್ಲ" ಅಂತ ಬರೆಯುವ ಹಾಗಿಲ್ಲ. ನೀನೂ ಹಾಗೇ ಮಾಡು. ದಿನಕ್ಕೆ ಐದೇ ಆಗಲಿ. ಈಗಿನ ಆವೃತ್ತಿಯಲ್ಲಿ ಮಾಡಿ ನೋಡು. ಆ ತೊಂದರೆ ಈಗ ಬರದಿದ್ದರೆ ಯಾವ ಆವೃತ್ತಿಯಲ್ಲಿ ನೋಡಿದೆ ಅಂತ ಬರೆದು ಮುಚ್ಚು. ಒಂದೇ ವಿಷಯ ಎರಡು ಕಡೆ ಇದ್ದರೆ ಒಂದಕ್ಕೆ ಜೋಡಿಸು, ಆದರೆ ಮುಚ್ಚುವ ಮುಂಚೆ ಅದರಲ್ಲಿ ಹೊಸ ವಿವರ ಇದೆಯಾ ನೋಡಿ ಅಲ್ಲಿಗೆ ಸಾಗಿಸು.

ನೀನೊಬ್ಬಳೇ ಹೊರಬೇಕಾದ ಹೊರೆಯೂ ಅಲ್ಲ ಇದು. ಕೋಹಾದಲ್ಲಿ ನನಗೆ ತುಂಬ ಇಷ್ಟವಾದದ್ದು ಸೈನ್ ಆಫ್. ಪ್ಯಾಚ್, ಅಂದರೆ ತಿದ್ದುಪಡಿಯ ಕೋಡ್, ಬರೆದವರೇ ಸರಿಯಿದೆ ಅಂದರೆ ಸಾಲದು. ಬೇರೆಯವರೊಬ್ಬರು ಮಾಡಿ ನೋಡಬೇಕು. ಆಮೇಲೆ ಗುಣಮಟ್ಟ ನೋಡುವ ಕ್ಯೂಎ ತಂಡದವರು ಇನ್ನೊಮ್ಮೆ ನೋಡಬೇಕು. ಆ ಮೊದಲ ಪರೀಕ್ಷೆಗೆ ಪ್ರೋಗ್ರಾಮ್ ಬರಬೇಕಾಗಿಲ್ಲ. ಸ್ಯಾಂಡ್‌ಬಾಕ್ಸ್, ಅಂದರೆ ಪರೀಕ್ಷೆಗೆಂದೇ ಇರುವ ಕೋಹಾ, ತೆರೆದು, ಪ್ಯಾಚಿನ ಜೊತೆ ಬರೆದಿಟ್ಟ ಪರೀಕ್ಷೆಯ ಹಂತಗಳನ್ನು ಒಂದೊಂದಾಗಿ ಮಾಡಿದರೆ ಆಯಿತು. ನಿವೃತ್ತಿಯ ಹಿಂದಿನ ವರ್ಷ ನಾನು ಒಂದು ಮಾಡಿದೆ. ನನ್ನ ಹೆಸರು ಆ ಪ್ಯಾಚಿನ ಜೊತೆ ಶಾಶ್ವತವಾಗಿ ಸೇರಿತು. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ಕೊಟ್ಟ ದಿನ ಹೆಚ್ಚಿಲ್ಲ. ಅಂಥ ಲೈಬ್ರೇರಿಯನ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ತೊಂದರೆಯನ್ನು ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ, ಎರಡು ದಿನದಲ್ಲಿ ಅದು ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗುತ್ತದೆ. ಇಂಗ್ಲಿಷಿಗೆ ಹೆದರಿ ಬಗ್‌ಜಿಲ್ಲಾದ ಹತ್ತಿರ ಬರುವುದಿಲ್ಲ. ನಿನಗೆ ಎರಡೂ ಭಾಷೆ ಬರುತ್ತದೆ. ತಿಂಗಳಿಗೆ ಒಬ್ಬರನ್ನು ಕೈಹಿಡಿದು ಕರೆದುಕೊಂಡು ಬಾ. ಮೊದಲನೆಯವಳು ನಾನು, ಸ್ಯಾಂಡ್‌ಬಾಕ್ಸ್ ಮರೆತಿದ್ದೇನೆ, ಇನ್ನೊಮ್ಮೆ ಹೇಳಿಕೊಡು.

ಫೋನಿನಲ್ಲಿ ಹೇಳಿದ ಆ "ಕೆಲಸ ಮಾಡ್ತಿಲ್ಲ" ವರದಿ ಇನ್ನೂ ತೆರೆದಿದೆಯಾ? ಇದ್ದರೆ ಇವತ್ತೇ ಅವರಿಗೆ ಬರೆ. ಮೊದಲು ಧನ್ಯವಾದ ಹೇಳು. ಆಮೇಲೆ ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಅಂತ ಕೇಳು. ಉತ್ತರ ಬಂದರೆ ನನಗೂ ತಿಳಿಸು.

ನಿಮ್ಮಪ್ಪನ ಕೈಲಿ ಹಲಸಿನ ಹಪ್ಪಳ ಕಳಿಸಿದ್ದೇನೆ. ರಾತ್ರಿ ತುಂಬ ಹೊತ್ತು ಕೂರಬೇಡ.

ನಿನ್ನ
ಅತ್ತೆ