ನಮ್ಮ ಮೊದಲ ತಂಡ ಪಾಸಾಯಿತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ಉಚಿತ ಆನ್‌ಲೈನ್ ತರಗತಿಯ ಮೊದಲ ತಂಡ ಕೋರ್ಸ್ ಮುಗಿಸಿದೆ. ಕೊನೆಯ ಪರೀಕ್ಷೆಯ ಫಲಿತಾಂಶ ಬಂದಾಯಿತು. ಕೆಲವರಿಗೆ ಆನ್‌ಲೈನ್ ಪದವಿಗೆ ಸೀಟು ಸಿಕ್ಕಿದೆ. ಇನ್ನು ಕೆಲವರ ಕೈಗೆ ಜೀವನದಲ್ಲಿ ಮೊದಲ ಸಲ ತಮ್ಮ ಹೆಸರಿರುವ ಒಂದು ಪ್ರಮಾಣಪತ್ರ ಬಂದಿದೆ. ಈ ಖುಷಿಯಲ್ಲಿ ಪಾಲಿರುವವರು ತುಂಬಾ ಜನ. ಒಬ್ಬೊಬ್ಬರಿಗೂ ಬೇರೆಬೇರೆ ಪತ್ರ ಬರೆಯೋಣ ಎಂದು ಕೂತೆ, ಆಗಲಿಲ್ಲ. ಅದಕ್ಕೇ ಎಲ್ಲರ ಮುಂದೆ ಇಲ್ಲೇ ಹೇಳುತ್ತಿದ್ದೇನೆ.

ನಮ್ಮ ತರಗತಿಯಲ್ಲಿ ಇದ್ದವರು ಯಾರು ಅಂತ ಮೊದಲು ಹೇಳಬೇಕು. ಯುದ್ಧದಿಂದ ಊರು ಬಿಟ್ಟು ಶಿಬಿರ ಸೇರಿದವರು ಇದ್ದರು. ಬೇರೆ ದೇಶದ ನಗರದಲ್ಲಿ ಕಾಗದಪತ್ರ ಇಲ್ಲದೆ ಕೂಲಿ ಮಾಡುತ್ತಿದ್ದವರು ಇದ್ದರು. ನಿರಾಶ್ರಿತರಲ್ಲದಿದ್ದರೂ ಶಾಲೆಯ ಮುಖ ಕಾಣದೆ ದೊಡ್ಡವರಾದವರು ಇದ್ದರು. ಮದುವೆ ಮಾಡಿ ಓದು ನಿಲ್ಲಿಸಿದ ಹುಡುಗಿಯರು ಇದ್ದರು. ಒಬ್ಬ ತಾಯಿ ಯಾವಾಗಲೂ ಮೈಕ್ ಆಫ್ ಮಾಡಿಕೊಂಡೇ ಕೂರುತ್ತಿದ್ದರು, ಮಡಿಲಲ್ಲಿ ಮಗು ಇರುತ್ತಿತ್ತು. ಕೇಳಿದ ಪ್ರಶ್ನೆಗೆಲ್ಲ ಎಲ್ಲರಿಗಿಂತ ಮೊದಲು ಉತ್ತರ ಟೈಪ್ ಮಾಡುತ್ತಿದ್ದವರು ಅವರೇ.

‘ಮೊದಲು ಅವರು ತಮ್ಮ ಊರಿಗೆ ವಾಪಸ್ ಹೋಗಲಿ, ಆಮೇಲೆ ಓದು’ ಎಂದು ಹೇಳುವವರು ಇದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೀನ್ಯಾದ ದದಾಬ್ ಶಿಬಿರಗಳು ಶುರುವಾದದ್ದು 1991ರಲ್ಲಿ. ಕಾಕುಮಾ ಶಿಬಿರ 1992ರಲ್ಲಿ. ಎರಡೂ ಇವತ್ತಿಗೂ ಇವೆ. ಆ ಕಾಲದಲ್ಲಿ ಅಲ್ಲಿ ಹುಟ್ಟಿದ ಮಗು ಈಗ ಮೂವತ್ತು ದಾಟಿದೆ. ಅಷ್ಟು ವರ್ಷ ಓದು ಕಾಯಬೇಕಾ? 2019ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ, ಕಾಲೇಜು ಮಟ್ಟ ತಲುಪಿದ ನಿರಾಶ್ರಿತ ಯುವಜನರು ನೂರಕ್ಕೆ 3 ಮಂದಿ. ಅದಕ್ಕೂ ಮುಂಚೆ 1 ಇತ್ತು. ಆಮೇಲೆ ಅದು 7ಕ್ಕೆ ಏರಿತು. 2030ರ ಹೊತ್ತಿಗೆ 15 ಆಗಬೇಕು ಎಂಬುದು ಗುರಿ. ನಮ್ಮ ಹುಡುಗ ಹುಡುಗಿಯರು ಆ ಲೆಕ್ಕದೊಳಗೆ ಸೇರುತ್ತಿದ್ದಾರೆ ಎಂಬುದೇ ನನಗೆ ದೊಡ್ಡ ವಿಷಯ.

ಈಗ ಥ್ಯಾಂಕ್ಸ್. ನಮಗೆ ಪರಿಚಯವೇ ಇಲ್ಲದವರಿಂದ ಶುರು ಮಾಡುತ್ತೇನೆ.

2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಇಡೀ ಜಗತ್ತಿಗೆ ಉಚಿತವಾಗಿ ಕೊಡುತ್ತೇವೆ ಎಂದು ಹೇಳಿತು. ಮುಂದಿನ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು. ಈ ಪರವಾನಗಿ ಇಲ್ಲದಿದ್ದರೆ ನಮ್ಮ ತರಗತಿ ನಡೆಯುತ್ತಲೇ ಇರಲಿಲ್ಲ. ಯಾರೋ ಬರೆದ ಪಾಠವನ್ನು ನಕಲು ಮಾಡಲು, ಚಿಕ್ಕದು ಮಾಡಲು, ಬೇರೆ ಭಾಷೆಗೆ ತರಲು ನಾವು ಒಬ್ಬೊಬ್ಬರ ಅನುಮತಿಗೂ ಕಾಯಬೇಕಾಗಲಿಲ್ಲ. ‘ನನ್ನ ಪಾಠ ತಗೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ’ ಎಂದು ಬರೆದಿಟ್ಟು ಹೋದ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನ ನಮಸ್ಕಾರ. ನೀವು ಬರೆದ ಬೀಜಗಣಿತದ ಪಾಠವನ್ನು ಎಲ್ಲೋ ಡೇರೆಯೊಳಗೆ ಕೂತು ಒಬ್ಬರು ಓದಿದ್ದಾರೆ. ನಿಮಗೆ ಅದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ಕೊಲಿಬ್ರಿ ಮತ್ತು ಕಿವಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ಗಳನ್ನು ಕಟ್ಟಿದವರಿಗೂ ಅಷ್ಟೇ ಋಣಿ. ನೆಟ್ ಸಿಗುವ ಜಾಗದಲ್ಲಿ ಪಾಠಗಳನ್ನೆಲ್ಲ ಒಮ್ಮೆ ಇಳಿಸಿಕೊಂಡು ಒಂದು ಹಳೇ ಕಂಪ್ಯೂಟರಿಗೆ ತುಂಬಿದರೆ ಸಾಕು. ಸುತ್ತಲಿನ ಫೋನುಗಳು ವೈ-ಫೈನಲ್ಲಿ ಅದಕ್ಕೇ ಸೇರಿಕೊಳ್ಳುತ್ತವೆ, ಇಂಟರ್ನೆಟ್ ಬೇಕಿಲ್ಲ. ವಿಕಿಪೀಡಿಯವನ್ನೂ ಹಾಗೇ ಓದಬಹುದು. ಆನ್‌ಲೈನ್ ಶಿಕ್ಷಣ ಅಂದರೆ ಎಲ್ಲರಿಗೂ ಲೈವ್ ಕ್ಲಾಸ್ ನೆನಪಾಗುತ್ತದೆ. ಆದರೆ ನಮ್ಮ ಅರ್ಧಕ್ಕಿಂತ ಜಾಸ್ತಿ ಪಾಠ ನಡೆದದ್ದು ನೆಟ್ ಇಲ್ಲದೇ.

ಪಾಠಗಳನ್ನು ಹಗುರ ಮಾಡಿದವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಗಂಟೆಯ ವಿಡಿಯೊ ನೂರಾರು ಎಂಬಿ ತಿನ್ನುತ್ತದೆ. ಅದೇ ಪಾಠವನ್ನು ಧ್ವನಿ ಮಾತ್ರ ಉಳಿಸಿ ಕುಗ್ಗಿಸಿದರೆ ಹತ್ತು ಹದಿನೈದು ಎಂಬಿಗೆ ಇಳಿಯುತ್ತದೆ. ಬರೀ ಬರಹ ಮಾಡಿದರೆ ಒಂದು ಎಂಬಿಯೂ ಆಗುವುದಿಲ್ಲ. ಡೇಟಾಕ್ಕೆ ದುಡ್ಡು ಹಾಕುವುದೋ, ಮನೆಗೆ ಎಣ್ಣೆ ತರುವುದೋ ಎಂದು ಲೆಕ್ಕ ಹಾಕುವವರಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ನಮ್ಮ ಸ್ವಯಂಸೇವಕರು ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ವಿಡಿಯೊ ನೋಡಿ, ನಿಲ್ಲಿಸಿ, ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಟೈಪ್ ಮಾಡಿದರು. ‘ಇಲ್ಲಿ ಅವರು ಕೆಳಗಿನ ಸಾಲಿನ ಕಡೆ ಬೆರಳು ತೋರಿಸುತ್ತಿದ್ದಾರೆ’ ಎಂಬುದನ್ನೂ ಬಿಡದೆ ಬರೆದರು. ಇಷ್ಟು ಶ್ರದ್ಧೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅರಬಿ ಬಲ್ಲ ಒಬ್ಬ ಸ್ವಯಂಸೇವಕಿಯ ಕೆಲಸವನ್ನು ನಾನು ಮರೆಯುವುದಿಲ್ಲ. ಒಬ್ಬ ವಿದ್ಯಾರ್ಥಿ ನೋಟ್‌ಬುಕ್ಕಿನ ಹಾಳೆಯ ಫೋಟೊ ಕಳಿಸುತ್ತಿದ್ದ. ಲೆಕ್ಕ ತಿದ್ದುತ್ತಿದ್ದವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಸಮೀಕರಣಗಳು ತಲೆಕೆಳಗಾದಂತೆ ಕಾಣುತ್ತಿದ್ದವು. ‘ಈತನಿಗೆ ಬುನಾದಿಯೇ ಇಲ್ಲ, ಮೊದಲಿಂದ ಶುರು ಮಾಡಿಸೋಣ’ ಎಂಬ ಮಾತೂ ಬಂತು. ಈಕೆ ಹಾಳೆ ನೋಡಿ, ‘ಇದು ಪೂರ್ತಿ ಸರಿಯಿದೆ’ ಎಂದರು. ಕೆಲವು ಅರಬ್ ದೇಶಗಳ ಶಾಲೆಗಳಲ್ಲಿ ಸಮೀಕರಣವನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ, ಎಕ್ಸ್ ವೈ ಬದಲು ಅರಬಿ ಅಕ್ಷರ ಹಾಕುತ್ತಾರೆ. ಹುಡುಗ ತನ್ನ ಶಾಲೆಯಲ್ಲಿ ಕಲಿತ ಹಾಗೆ ಬರೆದಿದ್ದ. ಉತ್ತರಗಳೆಲ್ಲ ಸರಿ ಇದ್ದವು. ಈಕೆ ಅವನ ಜೊತೆ ಕೂತು ಎರಡೂ ಬಗೆಯನ್ನು ಅಕ್ಕಪಕ್ಕ ಬರೆದು ತೋರಿಸಿದರು. ಆಮೇಲೆ ಅವನು ಯಾವತ್ತೂ ಹಿಂದೆ ಬೀಳಲಿಲ್ಲ. ಈಗ ಹೊಸಬರಿಗೆ ಲೆಕ್ಕ ಹೇಳಿಕೊಡುವವನೂ ಅವನೇ.

ಉಚಿತ ಪಾಠಗಳು ಇಪ್ಪತ್ತು ವರ್ಷಗಳಿಂದ ಸಿಗುತ್ತಿವೆ. ಆದರೂ ಸೇರಿದವರಲ್ಲಿ ಹೆಚ್ಚಿನವರು ಮಧ್ಯದಲ್ಲೇ ಬಿಡುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಗೊತ್ತು. ಪಾಠ ಸಿಕ್ಕರೆ ಸಾಲದು, ‘ನಿನ್ನೆ ಯಾಕೆ ಬರಲಿಲ್ಲ, ಹುಷಾರಾಗಿದ್ದೀಯಾ?’ ಎಂದು ಕೇಳುವ ಒಬ್ಬರು ಬೇಕು. ನಮ್ಮ ತಂಡ ಮುಗಿಸಿದ್ದು ಹಾಗೆ ಕೇಳಿದವರಿಂದ. ವಾರವಾರ ಫೋನ್ ಮಾಡಿದ ಗೆಳೆಯರೇ, ಈ ಫಲಿತಾಂಶ ನಿಮ್ಮದು. ನಾನು ಸುಮ್ನೆ ಹೊಗಳುತ್ತಿಲ್ಲ.

ಕಾಗದಪತ್ರದ ಕಷ್ಟ ಬೇರೆಯೇ. ಒಂದು ವಿಶ್ವವಿದ್ಯಾಲಯ ಮೂಲ ಅಂಕಪಟ್ಟಿ ಬೇಕೇ ಬೇಕು ಎಂದು ಹಟ ಹಿಡಿಯಿತು. ಓದಿದ ಶಾಲೆಯೇ ಉಳಿದಿಲ್ಲ, ಅಂಕಪಟ್ಟಿ ಎಲ್ಲಿಂದ ತರೋದು? ಹೆಸರಿನ ಕಾಟವೂ ಇತ್ತು. ಒಂದೇ ಹೆಸರು ನಿರಾಶ್ರಿತರ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಬೇರೆ ಲಿಪಿಯಿಂದ ಇಂಗ್ಲಿಷಿಗೆ ಬರೆಯುವಾಗ ಆ ಅಧಿಕಾರಿಗೆ ತೋಚಿದ್ದೇ ಸ್ಪೆಲಿಂಗ್. ನಮ್ಮ ಜೊತೆ ನಿಂತ ವಕೀಲರು, ಬೇರೆ ದೇಶದಲ್ಲಿ ಓದಿದ್ದನ್ನು ಮಾನ್ಯ ಮಾಡುವ ಬಗ್ಗೆ ಇರುವ 1997ರ ಲಿಸ್ಬನ್ ಒಪ್ಪಂದವನ್ನು ಮುಂದಿಟ್ಟು ಪತ್ರ ಬರೆದರು. ದಾಖಲೆ ಇಲ್ಲದ ನಿರಾಶ್ರಿತರ ಓದನ್ನೂ ಅಳೆಯಲು ದಾರಿ ಮಾಡಬೇಕು ಎಂದು ಅದರ ಏಳನೇ ವಿಧಿ ಹೇಳುತ್ತದೆ. ಯುರೋಪ್ ಕೌನ್ಸಿಲ್ 2017ರಿಂದ ನಿರಾಶ್ರಿತರ ಸಂದರ್ಶನ ಮಾಡಿ, ಅವರ ಓದನ್ನು ಅಳೆದು ಹೇಳುವ ‘ಅರ್ಹತಾ ಪಾಸ್‌ಪೋರ್ಟ್’ ಎಂಬ ಪತ್ರ ಕೊಡುತ್ತಿದೆ, ಆ ಮಾದರಿಯನ್ನೂ ತೋರಿಸಿದರು. ಕೊನೆಗೆ ಬೇರೊಂದು ಕಡೆ ಸಂದರ್ಶನದ ಮೇಲೆ ಸೀಟು ಕೊಟ್ಟರು. ಆ ವಕೀಲರು ಒಂದು ಪೈಸೆ ತಗೊಂಡಿಲ್ಲ.

ದುಡ್ಡು ಕೊಟ್ಟವರಿಗೂ ಒಂದು ಮಾತು. ಉಚಿತ ಎಂದರೂ ಎಲ್ಲವೂ ಉಚಿತವಲ್ಲ, ಅಲ್ವಾ? 2009ರಲ್ಲಿ ಶೈ ರೆಶೆಫ್ ಎಂಬ ಉದ್ಯಮಿ ಶುರು ಮಾಡಿದ ಯೂನಿವರ್ಸಿಟಿ ಆಫ್ ದಿ ಪೀಪಲ್ ಎಂಬ ಆನ್‌ಲೈನ್ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇಲ್ಲ, 2014ರಲ್ಲಿ ಅದಕ್ಕೆ ಅಮೆರಿಕದ ಮಾನ್ಯತೆಯೂ ಸಿಕ್ಕಿತು. ಆದರೆ ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೆ ಶುಲ್ಕ ಇದೆ, ಕಟ್ಟಲಾಗದವರು ವಿದ್ಯಾರ್ಥಿವೇತನ ಹುಡುಕಬೇಕು. ನೀವು ಕೊಟ್ಟ ಹಣ ಇಂಥ ಶುಲ್ಕಕ್ಕೆ, ಡೇಟಾಕ್ಕೆ, ಸೋಲಾರ್ ಚಾರ್ಜರಿಗೆ ಹೋಗಿದೆ. ಪರೀಕ್ಷೆಗೆ ಒಂದೇ ಗಂಟೆಯ ಬದಲು ಎರಡು ದಿನದ ಅವಕಾಶ ಕೊಟ್ಟ ಪರೀಕ್ಷಕರಿಗೂ ಥ್ಯಾಂಕ್ಸ್. ಕರೆಂಟ್ ಹೋಯಿತು ಅಂತ ಒಬ್ಬರೂ ಫೇಲ್ ಆಗಲಿಲ್ಲ.

ಕೊನೆಗೆ ವಿದ್ಯಾರ್ಥಿಗಳಿಗೆ. ನೀರಿಗೆ ಸಾಲು ನಿಂತು, ಕೂಲಿಗೆ ಹೋಗಿ, ಮಕ್ಕಳನ್ನು ಮಲಗಿಸಿ, ಆಮೇಲೆ ಓದಿದಿರಿ. ನಿಮ್ಮಿಂದ ನಾವು ಕಲಿತದ್ದು ಕಡಿಮೆಯಲ್ಲ. ಮಧ್ಯದಲ್ಲಿ ಬಿಟ್ಟವರಿಗೂ ಅಷ್ಟೇ ಪ್ರೀತಿಯಿಂದ ಹೇಳುತ್ತೇನೆ: ಕೆಲವರನ್ನು ಬೇರೆ ಶಿಬಿರಕ್ಕೆ ಕಳಿಸಿದರು, ಕೆಲವರ ಫೋನ್ ಹಾಳಾಯಿತು, ಕೆಲವರು ಏನೂ ಹೇಳದೆ ಹೋದರು. ನಿಮ್ಮ ಲಾಗಿನ್ ಮುಚ್ಚಿಲ್ಲ. ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಪಾಠ ತೆರೆಯುತ್ತದೆ, ನೀವು ಮಾಡಿದ ಲೆಕ್ಕಗಳೂ ಹಾಗೇ ಇವೆ. ನಂಬರ್ ಬದಲಾಗಿದ್ದರೆ ಹಳೇ ಗುಂಪಿನ ಯಾರಿಗಾದರೂ ಒಂದು ಸಂದೇಶ ಹಾಕಿ, ನಾವೇ ಫೋನ್ ಮಾಡುತ್ತೇವೆ.