ಕೇಬಲ್ ಮನೆಗೂ ಉಚಿತ ಪಂದ್ಯ ತಲುಪಲಿ

ಮಾನ್ಯರೇ,

ಭಾರತ ಕ್ರಿಕೆಟ್ ತಂಡ ಆಡುವ ಏಕದಿನ, ಟಿ20 ಪಂದ್ಯಗಳನ್ನು ದೂರದರ್ಶನದಲ್ಲಿ ಉಚಿತವಾಗಿ ನೋಡುವ ಅವಕಾಶ ಕೇಬಲ್ ಸಂಪರ್ಕವಿರುವ ಮನೆಗಳಿಗೆ ಇಲ್ಲದಿರುವುದು ಸರಿಯಲ್ಲ.

ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರದ ಸಿಗ್ನಲ್ ಅನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಹಣವಿಲ್ಲದವರೂ ಆಟ ನೋಡಲಿ ಎಂಬುದೇ ಅದರ ಆಶಯ. ಆದರೆ ಆ ಸಿಗ್ನಲ್ ದೂರದರ್ಶನದ ಭೂಪ್ರಸಾರ (ಆಂಟೆನಾದಿಂದ ಸಿಗುವುದು) ಹಾಗೂ ಅದರದೇ ತಿಂಗಳ ಶುಲ್ಕವಿಲ್ಲದ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ಮಾತ್ರ ಸೀಮಿತ, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ಸಲ್ಲದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಕಾಯ್ದೆಯ ಪದಗಳೇ ಹಾಗಿದ್ದವು.

ಪರಿಣಾಮ ನಮ್ಮ ಮನೆಯಲ್ಲೇ ಕಾಣುತ್ತಿದೆ. ಎಪ್ಪತ್ತೈದು ದಾಟಿದ ನನ್ನ ತಂದೆ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ವೀಕ್ಷಕ ವಿವರಣೆ ಕೇಳಿ ಬೆಳೆದವರು. ತಿಂಗಳು ತಿಂಗಳೂ ಕೇಬಲ್ ಹಣ ಕಟ್ಟುತ್ತೇವೆ. ಕ್ರೀಡಾ ವಾಹಿನಿಗೆ ಬೇರೆಯೇ ಹಣ ತೆರಲು ಪಿಂಚಣಿ ಸಾಲದು. ಪಂದ್ಯವಿದ್ದ ಸಂಜೆ ಅವರು ಊರುಗೋಲು ಹಿಡಿದು, ಫ್ರೀ ಡಿಶ್ ಇರುವ ಎದುರು ಬೀದಿಯ ಚಹಾದಂಗಡಿಗೆ ಹೋಗುತ್ತಾರೆ. ಬೆಂಚು ಸಿಗದಿದ್ದರೆ ನಿಂತೇ ನೋಡುತ್ತಾರೆ. ಬಾಡಿಗೆ ಮನೆಯಾದ್ದರಿಂದ ತಾರಸಿಯಲ್ಲಿ ಡಿಶ್ ಕೂರಿಸಲು ನಮಗೆ ಅನುಮತಿಯಿಲ್ಲ.

ಈ ಕೊರತೆ ನೀಗಲು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2018ರಲ್ಲೇ ತಿದ್ದುಪಡಿಯ ಕರಡು ಪ್ರಕಟಿಸಿತ್ತು. ಅದನ್ನು ಮತ್ತೆ ಕೈಗೆತ್ತಿಕೊಂಡು, ಕೇಬಲ್‌ನಲ್ಲಿ ಬರುವ ದೂರದರ್ಶನದಲ್ಲೂ ಈ ಪಂದ್ಯಗಳು ಕಾಣುವಂತೆ ಮಾಡಬೇಕು. ನಮ್ಮ ರಾಜ್ಯದ ಸಂಸದರು ಇದನ್ನು ಸಂಸತ್ತಿನಲ್ಲಿ ಪ್ರಸ್ತಾಪಿಸಲಿ.

– ಓದುಗ, ಮೈಸೂರು