ಸಹಾಯಕ ತರಬೇತುದಾರರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್ ನಮ್ಮ ಗಡಿನಾಡಿನ ಆಟವಲ್ಲದಿದ್ದರೂ, ಅಲ್ಲಿನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಸಹಾಯಕ ತರಬೇತುದಾರರಾಗಿದ್ದ ಡಾಂಟೆ ಸ್ಕಾರ್ನೆಕಿಯಾ ಅವರ ವೃತ್ತಿಜೀವನವನ್ನು ಕಾಸರಗೋಡಿನ ಕಬಡ್ಡಿಪ್ರಿಯರು ಅರಿಯಬೇಕು. 1982ರಲ್ಲಿ ತಂಡ ಸೇರಿದ ಅವರು, ಇಂಡಿಯಾನಾಪೊಲಿಸ್ ತಂಡದಲ್ಲಿದ್ದ ಎರಡು ಋತುಗಳನ್ನೂ ನಡುವೆ ನಿವೃತ್ತರಾಗಿದ್ದ ಅವಧಿಯನ್ನೂ ಬಿಟ್ಟರೆ, 2020ರ ಆರಂಭದವರೆಗೆ ಅಲ್ಲಿಯೇ ದುಡಿದು ಐದು ಸೂಪರ್ ಬೌಲ್ (ಆ ಆಟದ ವಾರ್ಷಿಕ ಅಂತಿಮ ಪಂದ್ಯ) ಗೆಲುವುಗಳಲ್ಲಿ ಪಾಲುಗೊಂಡರು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿಗಳಿಂದ ಕಾಯುವ ಮುಂಚೂಣಿ ಆಟಗಾರರನ್ನು ಪಳಗಿಸುವುದೇ ಅವರ ಮುಖ್ಯ ಕೆಲಸವಾಗಿತ್ತು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಜಗತ್ತೇ ಬಲ್ಲದು. ಅವರನ್ನು ಕಾದವರಿಗೆ ಕಾಲಿಡುವ ಕ್ರಮ ಕಲಿಸಿದವರನ್ನು ಬಲ್ಲವರು ಕಡಿಮೆ. ಕಾಲೇಜಿನಲ್ಲಿ ಈ ಆಟವನ್ನೇ ಆಡದಿದ್ದ, 1999ರ ವಿಶ್ವ ಚಾಂಪಿಯನ್ ಕುಸ್ತಿಪಟು ಸ್ಟೀಫನ್ ನೀಲ್ ಅವರು ಆ ಮುಂಚೂಣಿಯ ಕಾಯಂ ಆಟಗಾರರಾಗಿ ಬೆಳೆದದ್ದು ಇವರ ಗರಡಿಯಲ್ಲೇ. ಇಂತಹ ಸಾಧನೆಯನ್ನು ಅಂಕಪಟ್ಟಿ ತೋರಿಸದು.

ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಬಡ್ಡಿ ಅಂಕಣಗಳಲ್ಲೂ ರೈಡರ್‌ಗೆ ಹಾರ ಬೀಳುತ್ತದೆ. ಸಂಜೆ ಸಂಜೆ ಹುಡುಗರಿಗೆ ಹಿಡಿತ ಕಲಿಸಿದವರು ವೇದಿಕೆಯ ಹಿಂದೆಯೇ ಉಳಿಯುತ್ತಾರೆ. ಸಂಘಟಕರು ಆಮಂತ್ರಣ ಪತ್ರಿಕೆಯಲ್ಲಿ, ತಾವು ಪಂದ್ಯದ ವರದಿಯಲ್ಲಿ, ಅವರ ಹೆಸರನ್ನು ತಪ್ಪದೆ ಅಚ್ಚು ಹಾಕಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಕಬಡ್ಡಿ ಅಭಿಮಾನಿ, ಕುಂಬಳೆ, ಕಾಸರಗೋಡು ಜಿಲ್ಲೆ